ರಾಷ್ಟ್ರೀಯ ಸಹಕಾರ ನೀತಿ–2025: ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ

ಕೇಂದ್ರ ಸರ್ಕಾರವು 2002ರ ನೀತಿಯ ಬದಲಿಗೆ ರಾಷ್ಟ್ರೀಯ ಸಹಕಾರ ನೀತಿ–2025ನ್ನು 2025ರ ಜುಲೈ 24ರಂದು ಪ್ರಕಟಿಸಿದೆ. ಪ್ರತಿ ಗ್ರಾಮದಲ್ಲಿ ಕನಿಷ್ಠ ಒಂದು ಸಹಕಾರ ಸಂಘವಿರಬೇಕೆಂಬುದು ಅದರ ಗುರಿಗಳಲ್ಲೊಂದು. 1905ರಲ್ಲಿಯೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಸಹಕಾರ ಸಂಘವನ್ನು ಕಂಡ ನಾಡಿಗೆ ಈ ಆಶಯ ಹೊಸದೇನಲ್ಲ.

ಆದರೆ ಹೆಬ್ಬಗೋಡಿಯ ಸುತ್ತಲಿನ ಪಂಚಾಯತಿಗಳ ಮುಂದಿರುವ ಪ್ರಶ್ನೆ ಹೊಸ ಸಂಘದ ಸ್ಥಾಪನೆಗಿಂತ ಇರುವ ಸಂಘದ ಉಳಿವಿನದು. ಹೆಬ್ಬಗೋಡಿ ಈಗ ನಗರಸಭೆ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗಳ ಬೆಳವಣಿಗೆಯೊಂದಿಗೆ ಹೊಲಗಳು ಬಡಾವಣೆಗಳಾಗಿವೆ. ಭೂಮಿ ಕರಗಿದಂತೆ ಬೆಳೆ ಸಾಲ ಪಡೆಯುವವರೂ ಕಡಿಮೆಯಾಗುತ್ತಾರೆ. ಆ ಸಾಲವೊಂದನ್ನೇ ನೆಚ್ಚಿದ ಸಂಘ ಕೃಶವಾಗುತ್ತದೆ. ಅದರ ನಷ್ಟ ಇನ್ನೂ ಉಳುಮೆ ಮಾಡುತ್ತಿರುವ ಸಣ್ಣ ರೈತನಿಗೆ. ರಾಜ್ಯ ಸರ್ಕಾರವು 2023–24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲ ಅವನನ್ನು ತಲುಪುವುದು ಸಹಕಾರ ಸಂಘದ ಮೂಲಕವೇ. ಹಾಲಿಗೆ ಸರ್ಕಾರ ನೀಡುವ ಪ್ರೋತ್ಸಾಹಧನಕ್ಕೂ ಡೇರಿ ಸಂಘವೇ ಆಧಾರ.

ಇದಕ್ಕೆ ಪರಿಹಾರವಾಗಿ ಕೇಂದ್ರ ಸಹಕಾರ ಸಚಿವಾಲಯವು 2023ರ ಜನವರಿಯಲ್ಲಿ ಮಾದರಿ ಉಪವಿಧಿಗಳನ್ನು ರಾಜ್ಯಗಳಿಗೆ ಕಳುಹಿಸಿತು. ಅವುಗಳಂತೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವು ಗೋದಾಮು, ಪಡಿತರ ಅಂಗಡಿ, ಜನೌಷಧಿ ಕೇಂದ್ರ, ಸಾಮಾನ್ಯ ಸೇವಾ ಕೇಂದ್ರ ಸೇರಿದಂತೆ 25ಕ್ಕೂ ಹೆಚ್ಚು ಚಟುವಟಿಕೆಗಳನ್ನು ಕೈಗೊಳ್ಳಬಹುದು. ಕೈಗಾರಿಕಾ ಕಾರ್ಮಿಕ ಕುಟುಂಬಗಳು ನೆಲೆಸಿರುವ ಊರುಗಳಲ್ಲಿ ಇಂತಹ ಸೇವೆಗಳಿಗೆ ಬೇಡಿಕೆಯಿದೆ.

ಸಹಕಾರ ಸಂಘಗಳು ಸಂವಿಧಾನದ ರಾಜ್ಯಪಟ್ಟಿಯ ವಿಷಯ. ನೀತಿ ದಿಕ್ಕು ತೋರುತ್ತದೆ. ಸಂಘ ನಡೆಯುವುದು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರಂತೆ. ಉಪವಿಧಿಯ ತಿದ್ದುಪಡಿಯನ್ನು ಸಂಘದ ಸಾಮಾನ್ಯ ಸಭೆ ಅಂಗೀಕರಿಸಬೇಕು, ನಿಬಂಧಕರು ನೋಂದಾಯಿಸಬೇಕು. ಪಂಚಾಯತಿಗೆ ಸಂಘದ ಆಡಳಿತದಲ್ಲಿ ಅಧಿಕಾರವಿಲ್ಲ.

ಆದರೂ ಸದಸ್ಯರು ಮಾಡಬಹುದಾದ ಕಾರ್ಯಗಳಿವೆ:

1. ತಮ್ಮ ವ್ಯಾಪ್ತಿಯ ಹಳ್ಳಿಗಳು ಯಾವ ಕೃಷಿ ಪತ್ತಿನ ಸಂಘಕ್ಕೆ, ಯಾವ ಹಾಲು ಉತ್ಪಾದಕರ ಸಂಘಕ್ಕೆ ಸೇರಿವೆಯೆಂದು ಪಟ್ಟಿ ಮಾಡುವುದು.

2. ಸದಸ್ಯತ್ವವಿಲ್ಲದ ಸಣ್ಣ ರೈತರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದ ಕುಟುಂಬಗಳಿಗೆ ಸದಸ್ಯತ್ವದ ವಿಧಾನವನ್ನು ಗ್ರಾಮಸಭೆಯಲ್ಲಿ ತಿಳಿಸುವುದು.

3. ವಾರ್ಷಿಕ ಮಹಾಸಭೆಗೆ ತಪ್ಪದೆ ಹಾಜರಾಗಿ ಲೆಕ್ಕ ಪರಿಶೋಧನಾ ವರದಿಯನ್ನು ಕೇಳುವಂತೆ ಸಂಘದ ಸದಸ್ಯರನ್ನು ಪ್ರೇರೇಪಿಸುವುದು.

4. ಊರಿಗೆ ಬೇಕಾದ ಸೇವೆಗಳನ್ನು ಗ್ರಾಮಸಭೆಯಲ್ಲಿ ಚರ್ಚಿಸಿ, ನಿರ್ಣಯವನ್ನು ಸಂಘಕ್ಕೆ ಕಳುಹಿಸುವುದು.

ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇರಲಿ, ಸದಸ್ಯನೊಬ್ಬನಿಗೆ ಮತ ಒಂದೇ. ಆ ಮತವುಳ್ಳವರು ಸಭೆಗೆ ಬಾರದಿದ್ದರೆ ಯಾವ ನೀತಿಯೂ ಸಂಘವನ್ನು ಉಳಿಸಲಾರದು.