ನಂದಿ ಬೆಟ್ಟಕ್ಕೊಂದು ರೈಲು ದಾರಿ

ಭಾನುವಾರ ನಸುಕಲ್ಲೇ ಬಸವನಗುಡಿ, ಮಲ್ಲೇಶ್ವರದಿಂದ ನಂದಿ ಬೆಟ್ಟಕ್ಕೆ ಬೈಕ್ ಹತ್ತಿ ಹೊರಡ್ತೀರಲ್ಲ? ಆ ಬೆಟ್ಟದ ಹತ್ತಿರಾನೇ ಒಂದು ಹಳೇ ರೈಲು ನಿಲ್ದಾಣ ಇದೆ: ನಂದಿ ಹಾಲ್ಟ್.

ಆ ನಿಲ್ದಾಣ ಇರೋ ರೈಲು ದಾರಿ ಮೈಸೂರು ಸಂಸ್ಥಾನದ ಕಾಲದ್ದು. ಬಂಗಾರಪೇಟೆಯಿಂದ ಕೋಲಾರಕ್ಕೆ ರೈಲು ಬಂದಿದ್ದು 1913ರಲ್ಲಿ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ. ಆಮೇಲೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಎರಡೂ ಕೂಡಿಕೊಂಡವು. ಹಳಿಯಿಂದ ಹಳಿಗೆ ಬರೀ ಎರಡೂವರೆ ಅಡಿ. ನ್ಯಾರೋ ಗೇಜ್!

ಕಡಿಮೆ ಖರ್ಚಲ್ಲಿ ಮುಗೀತು, ನಿಜ. ಆದರೆ ತೊಂದರೆ ಶುರುವಾಗಿದ್ದೂ ಅಲ್ಲೇ. ಆಗ ಯಲಹಂಕದಲ್ಲಿ ಸಿಗ್ತಿದ್ದಿದ್ದು ಮೀಟರ್ ಗೇಜ್, ಬಂಗಾರಪೇಟೆಯಲ್ಲಿ ಬ್ರಾಡ್ ಗೇಜ್. ಹಳಿ ಅಗಲ ಹೊಂದಲ್ಲ, ಹಾಗಾಗಿ ಎರಡೂ ತುದಿಯಲ್ಲಿ ಸರಕೆಲ್ಲ ಇಳಿಸಬೇಕಿತ್ತು, ಮತ್ತೆ ಬೇರೆ ವ್ಯಾಗನ್ನಿಗೆ ತುಂಬಬೇಕಿತ್ತು. ಕೂಲಿ ಬೇರೆ, ಹೊತ್ತು ಬೇರೆ. ಪಕ್ಕದ ರಸ್ತೆಯಲ್ಲಿ ಲಾರಿ ಸೀದಾ ಮಂಡಿ ಬಾಗಿಲಿಗೇ ಬರ್ತಿತ್ತು. ಯಾರು ಕಾಯ್ತಾರೆ ಹೇಳಿ?

1990ರ ದಶಕದಲ್ಲಿ ಎರಡು ತುದಿಗಳು ಬ್ರಾಡ್ ಗೇಜ್ ಆದವು. ನಡುವಿನ ಕೋಲಾರ–ಚಿಕ್ಕಬಳ್ಳಾಪುರ ಭಾಗಕ್ಕೆ 2013ರವರೆಗೂ ಕಾಯಬೇಕಾಯ್ತು. ಅಷ್ಟರಲ್ಲಿ ಊರವರಿಗೆ ಬಸ್ಸೇ ರೂಢಿಯಾಗಿತ್ತು. ಹಳಿ ಬಂತು, ಬೇಕಾದಷ್ಟು ರೈಲು ಬರಲಿಲ್ಲ. ನನ್ನ ಕೇಳಿದರೆ, ಗೇಜಿಗಿಂತ ದೊಡ್ಡ ಪೆಟ್ಟು ಈ ತಡವೇ.

ಇನ್ನೊಂದು ಮಜಾ ಕೇಳಿ. ಬೆಂಗಳೂರಿನ ವಿಮಾನ ನಿಲ್ದಾಣ ಬಂದಿದ್ದು ಇದೇ ಹಳಿ ಪಕ್ಕದಲ್ಲಿ! 2021ರ ಜನವರಿಯಲ್ಲಿ ಅಲ್ಲೊಂದು ಹಾಲ್ಟ್ ಸ್ಟೇಷನ್ ಶುರುವಾಯ್ತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನ ಹಳೇ ಕಟ್ಟಡಗಳ ದುರಸ್ತಿಗೂ ರೈಲ್ವೆಯವರು ಪಾರಂಪರಿಕ ಕಟ್ಟಡ ಉಳಿಸೋ ಇಂಟ್ಯಾಕ್ ಸಂಸ್ಥೆ ಜೊತೆ ಸೇರಿ ಕೈಹಾಕಿದ್ರು. ಈಗ ಚಿಕ್ಕಬಳ್ಳಾಪುರದವರೆಗೆ ಕರೆಂಟ್ ರೈಲೇ ಓಡುತ್ತೆ.

ರೈಲಲ್ಲೇ ಹೋಗೋದಾದ್ರೆ ಒಂದು ಮಾತು: ರೈಲುಗಳು ಕಮ್ಮಿ. ವಾಪಸ್ ಬರೋ ಗಾಡಿಯ ಟೈಮ್ ನೋಡ್ಕೊಂಡೇ ಹೊರಡಿ.