ಹಳೆಯ ಜೀಪಿಗೆ ಹೊಸ ಕಾಲು

ಕೊಡಚಾದ್ರಿಗೆ ಹೊರಟ ಜೀಪಿನ ಹಿಂಬದಿಯಲ್ಲಿ ಕೂತವರಿಗೆ ಸಸ್ಪೆನ್ಷನ್ ಎಂದರೇನೆಂದು ಯಾರೂ ಪಾಠ ಹೇಳಬೇಕಿಲ್ಲ. ಡಾಂಬರು ಮುಗಿದು ಕೆಮ್ಮಣ್ಣು, ಕೊರಕಲು, ಉರುಟುಗಲ್ಲು ಶುರುವಾಗುತ್ತಿದ್ದಂತೆ ದಾರಿಯ ಒಂದೊಂದು ಕಲ್ಲಿನ ಸುದ್ದಿಯೂ ಸೊಂಟಕ್ಕೆ ತಲುಪುತ್ತದೆ. ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಪಕ್ಕದವರ ಭುಜಕ್ಕೆ. ಆದರೆ ಕಾರುಗಳು ಹಿಂದಿರುಗುವ ಜಾಗದಿಂದಲೇ ಜೀಪಿನ ಕೆಲಸ ಆರಂಭ. ಒಂದು ಚಕ್ರವನ್ನು ಬಂಡೆಯ ಮೇಲಿಟ್ಟು, ಇನ್ನೊಂದನ್ನು ಗುಂಡಿಗೆ ಇಳಿಬಿಟ್ಟು, ಮೈ ಓರೆ ಮಾಡಿಕೊಂಡು ಅದು ಹತ್ತುತ್ತಲೇ ಹೋಗುತ್ತದೆ. ಮಡಿಕೇರಿಯ ಮಾಂದಲ್‌ಪಟ್ಟಿಯಲ್ಲೂ ಮಲೆನಾಡಿನ ಕಾಫಿ ತೋಟಗಳ ಒಳದಾರಿಗಳಲ್ಲೂ ಇದೇ ನೋಟ.

ಇಂಥ ಹಳೆಯ ಜೀಪುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಈಗ ಕೇಳುತ್ತಿರುವುದು ಒಂದೇ ಪ್ರಶ್ನೆ: ಮೈಕಟ್ಟು ಹಳೆಯದೇ ಇರಲಿ, ಕೆಳಗೆ ಇಂದಿನ ಗಾಡಿಗಳ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕೂರಿಸಬಹುದೇ? ಆಸೆ ನ್ಯಾಯವಾದದ್ದು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೋಗಿಬಂದರೆ ಎರಡು ದಿನ ಬೆನ್ನು ನೋಯಬೇಕು ಎಂಬ ನಿಯಮವೇನೂ ಇಲ್ಲ. ಆದರೆ ಜೀಪು ನಮ್ಮನ್ನು ಕುಲುಕಿಸುವುದೂ ಬೆಟ್ಟ ಹತ್ತಿಸುವುದೂ ಒಂದೇ ಕಬ್ಬಿಣದ ಬಲದಿಂದ. ಒಂದನ್ನು ಕಿತ್ತರೆ ಇನ್ನೊಂದರ ಗತಿ ಏನು ಎಂಬುದನ್ನು ಮೊದಲೇ ಯೋಚಿಸಬೇಕು.

ಒಂದೇ ಅಚ್ಚಿನ ಗಾಡಿ

ಅಮೆರಿಕದ ಸೇನೆ 1940ರಲ್ಲಿ ಹಗುರವಾದ ನಾಲ್ಕು ಚಕ್ರ ಚಾಲನೆಯ ಗಾಡಿ ಬೇಕೆಂದಾಗ ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅದನ್ನು ಮಾಡಿ ತೋರಿಸಿತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಜೀಪುಗಳು ತಯಾರಾದವು. ಮುಂಬಯಿಯಲ್ಲಿ ಮಹೀಂದ್ರಾ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಆರಂಭಿಸಿತು. ಸಿಜೆ 3ಬಿ, ಎಂಎಂ 540, ಎಂಎಂ 550 ಎಂಬ ಹೆಸರುಗಳಲ್ಲಿ ಆ ವಂಶ ನಮ್ಮ ತೋಟಗಳಿಗೂ ಪೊಲೀಸ್ ಠಾಣೆಗಳಿಗೂ ಬಂತು.

ಇವುಗಳ ಕಾಲಿನ ರಚನೆ ಎತ್ತಿನ ಗಾಡಿ ಕಂಡವರಿಗೆ ಹೊಸದಲ್ಲ. ಎರಡು ಚಕ್ರಗಳ ನಡುವೆ ಬಾಗದ ಒಂದೇ ಅಚ್ಚು. ಅದರ ಮಧ್ಯೆ ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್, ಜೊತೆಗೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್, ಎಲ್ಲವನ್ನೂ ಬಿಗಿಹಿಡಿಯುವ ಯು-ಬೋಲ್ಟ್. ಎಡಚಕ್ರ ಕಲ್ಲು ಹತ್ತಿದರೆ ಅಚ್ಚು ಓರೆಯಾಗುತ್ತದೆ. ಆ ಓರೆಯೇ ಬಲಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಗುಂಡಿ ದಿಣ್ಣೆಗಳ ನಡುವೆಯೂ ಜೀಪಿನ ಹಿಡಿತ ಸುಲಭಕ್ಕೆ ತಪ್ಪದಿರುವುದು ಇದರಿಂದ. ಡಿಫರೆನ್ಷಿಯಲ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನಿರ್ಧರಿಸುವುದು ಟೈರಿನ ಗಾತ್ರ. ಹಿಂದೆ ಹತ್ತು ಮೂಟೆ ಹೇರಿದರೂ ಆ ಎತ್ತರ ಅಷ್ಟೇ ಇರುತ್ತದೆ.

ತೊಂದರೆ ಇರುವುದು ವೇಗದಲ್ಲಿ. ಅಚ್ಚು, ಡಿಫರೆನ್ಷಿಯಲ್, ಚಕ್ರ, ಬ್ರೇಕ್ ಎಲ್ಲ ಸೇರಿದ ಭಾರ ಪ್ರತಿ ಏರುತಗ್ಗಿಗೂ ಒಟ್ಟಾಗಿ ಎದ್ದು ಬೀಳಬೇಕು. ನಿಧಾನಕ್ಕೆ ಹೋಗುವಾಗ ಇದು ಬಾಧಿಸುವುದಿಲ್ಲ. ಗಂಟೆಗೆ 70 ಕಿ.ಮೀ. ವೇಗದಲ್ಲಿ ಹೋಗುವಾಗ ಎದ್ದ ಚಕ್ರ ನೆಲ ಮುಟ್ಟುವ ಮೊದಲೇ ಮುಂದಿನ ಉಬ್ಬು ಬಂದಿರುತ್ತದೆ. ಸ್ಟಿಯರಿಂಗ್ ನಡುಗುತ್ತದೆ, ತಿರುವಿನಲ್ಲಿ ಗಾಡಿ ಜಿಗಿಯುತ್ತ ಪಕ್ಕಕ್ಕೆ ಸರಿಯುತ್ತದೆ.

ಇಂಡಿಪೆಂಡೆಂಟ್ ವ್ಯವಸ್ಥೆಯಲ್ಲಿ ಡಿಫರೆನ್ಷಿಯಲ್ ಚಾಸಿಗೆ ಅಂಟಿಕೊಂಡು ಮೇಲೆಯೇ ಉಳಿಯುತ್ತದೆ. ಎರಡೂ ಕಡೆ ಪ್ರತ್ಯೇಕ ತೋಳುಗಳು, ಕಾಯಿಲ್ ಸ್ಪ್ರಿಂಗ್, ಬಾಗಿಯೂ ತಿರುಗಬಲ್ಲ ಸಿವಿ ಜಾಯಿಂಟಿನ ಶಾಫ್ಟ್. ಕಲ್ಲು ಹತ್ತಿದ ಚಕ್ರವಷ್ಟೇ ಏಳುತ್ತದೆ, ಇನ್ನೊಂದಕ್ಕೆ ಅದರ ಗೊಡವೆಯಿಲ್ಲ. ಹೆದ್ದಾರಿಯಲ್ಲಿ ಇದು ವರ. ಕೊರಕಲಿನಲ್ಲಿ ಮಾತ್ರ, ಆ ಗೊಡವೆ ಇಲ್ಲದಿರುವುದೇ ಕೊರತೆ. ತೋಳು ಚಾಚುವಷ್ಟೂ ಚಾಚಿದ ಮೇಲೆ ಚಕ್ರ ಗಾಳಿಯಲ್ಲಿ ತೂಗುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ತೂಗುವ ಆ ಚಕ್ರವನ್ನೇ ಗಿರಗಿರ ತಿರುಗಿಸುತ್ತದೆ; ನೆಲದ ಮೇಲಿರುವ ಚಕ್ರ ಸುಮ್ಮನೆ ನಿಂತಿರುತ್ತದೆ.

ಸೇನೆ ಕಲಿತ ಪಾಠ

ಈ ಬದಲಾವಣೆಯ ಯೋಚನೆ ಹೊಸದಲ್ಲ. ಜೀಪಿನ ಜಾಗಕ್ಕೆಂದು ಫೋರ್ಡ್ ರೂಪಿಸಿದ ಎಂ151 ಗಾಡಿಯನ್ನು ಅಮೆರಿಕದ ಸೇನೆ 1960ರ ಸುಮಾರಿಗೆ ಬಳಕೆಗೆ ತಂದಿತು. ಅದಕ್ಕೆ ನಾಲ್ಕೂ ಚಕ್ರಗಳಲ್ಲಿ ಇಂಡಿಪೆಂಡೆಂಟ್ ಸಸ್ಪೆನ್ಷನ್. ಜೀಪಿಗಿಂತ ವೇಗ, ಜೀಪಿಗಿಂತ ಸುಖ. ಆದರೆ ಹಿಂಬದಿ ಖಾಲಿಯಿದ್ದು ತಿರುವನ್ನು ಜೋರಾಗಿ ತೆಗೆದುಕೊಂಡಾಗ ಮೈ ಮೇಲೆದ್ದು, ಹೊರಬದಿಯ ಹಿಂಚಕ್ರ ಒಳಕ್ಕೆ ಮಡಚಿಕೊಂಡು, ಗಾಡಿ ಮಗುಚುತ್ತಿತ್ತು. ಹಿಂಬದಿಯ ಸಸ್ಪೆನ್ಷನ್ನನ್ನೇ ಬದಲಿಸಿ 1970ರಲ್ಲಿ ಎಂ151ಎ2 ತಂದರು. ಅಷ್ಟಾದರೂ ಸೇವೆ ಮುಗಿಸಿದ ಎಷ್ಟೋ ಗಾಡಿಗಳನ್ನು ಜನರ ರಸ್ತೆಗೆ ಸುರಕ್ಷಿತವಲ್ಲವೆಂದು ತುಂಡರಿಸಿಯೇ ವಿಲೇವಾರಿ ಮಾಡಿದರು.

ಇಂಡಿಪೆಂಡೆಂಟ್ ಸಸ್ಪೆನ್ಷನ್ ಕೆಟ್ಟದ್ದೆಂದು ಇದರಿಂದ ಹೇಳಲಾಗದು. 1980ರ ದಶಕದಲ್ಲಿ ಅದೇ ಸೇನೆಗೆ ಬಂದ ಹಮ್‌ವೀಗೂ ನಾಲ್ಕು ಚಕ್ರಗಳಲ್ಲಿ ಅದೇ ತತ್ವ. ಆದರೆ ಅದರ ಅಗಲ, ಚಕ್ರದ ಬುಡದಲ್ಲೇ ಕೂರಿಸಿದ ಗೇರುಗಳು, ಸುಮಾರು 40 ಸೆಂ.ಮೀ. ನೆಲದೆತ್ತರ ಎಲ್ಲವನ್ನೂ ಆ ತತ್ವಕ್ಕೆ ಹೊಂದುವಂತೆ ಮೊದಲಿನಿಂದಲೇ ರೂಪಿಸಲಾಗಿತ್ತು.

2002ರ ರೇಂಜ್ ರೋವರ್ ಇದಕ್ಕೆ ಇನ್ನೊಂದು ಸಾಕ್ಷಿ. 1970ರಿಂದ ಬಾಗದ ಅಚ್ಚನ್ನೇ ನಂಬಿದ್ದ ಆ ಗಾಡಿ ಆ ವರ್ಷ ಪೂರ್ತಿ ಇಂಡಿಪೆಂಡೆಂಟ್ ಆಯಿತು. ಎಂಜಿನಿಯರುಗಳು ಅಲ್ಲಿಗೆ ನಿಲ್ಲಲಿಲ್ಲ. ಎಡಬಲದ ಗಾಳಿ ಸ್ಪ್ರಿಂಗುಗಳನ್ನು ಕೊಳವೆಯಿಂದ ಬೆಸೆದು, ಒಂದು ಚಕ್ರ ಎದ್ದರೆ ಇನ್ನೊಂದು ಕೆಳಗೆ ಒತ್ತುವಂತೆ ಮಾಡಿದರು. ತೆಗೆದುಹಾಕಿದ ಅಚ್ಚಿನ ಗುಣವನ್ನು ಗಾಳಿಯ ಮೂಲಕ ಮರಳಿ ತಂದರು. ಇಂದಿನ ಗಾಡಿಗಳಲ್ಲಿ ತೂಗುವ ಚಕ್ರಕ್ಕಷ್ಟೇ ಬ್ರೇಕ್ ಹಾಕಿ ಬಲವನ್ನು ಎದುರಿನ ಚಕ್ರಕ್ಕೆ ದಾಟಿಸುವ ಎಲೆಕ್ಟ್ರಾನಿಕ್ಸ್ ಇರುತ್ತದೆ. ಹಳೆಯ ಜೀಪಿಗೆ ತೋಳು ಮಾತ್ರ ತಂದು ಕೂರಿಸಿದರೆ ಈ ಜೊತೆಗಾರರು ಬರುವುದಿಲ್ಲ. ಮಾವಿಗೆ ಕಸಿ ಕಟ್ಟುವವರಿಗೆ ಇದು ಗೊತ್ತು: ಕೊಂಬೆ ಎಷ್ಟೇ ಒಳ್ಳೆಯ ಜಾತಿಯದಾದರೂ ಬುಡ ಒಪ್ಪಬೇಕು.

ಗ್ಯಾರೇಜಿನ ಒಳಗೆ

ಬುಡ ಎಂದರೆ ಇಲ್ಲಿ ಚಾಸಿ. ಲೀಫ್ ಸ್ಪ್ರಿಂಗಿನ ಜೀಪಿನಲ್ಲಿ ಭಾರ ಬೀಳುವುದು ಪಟ್ಟಿಯ ಎರಡು ತುದಿಗಳಲ್ಲಿ. ಚಾಸಿಗೆ ಬಲ ಕೊಟ್ಟಿರುವುದೂ ಅಲ್ಲೇ. ಹೊಸ ತೋಳುಗಳು ಎಂದೂ ಭಾರ ಹೊರದ ಜಾಗಗಳ ಮೇಲೆ ಎಳೆದಾಟ ಹೇರುತ್ತವೆ. ದಪ್ಪದೊಂದು ಅಡ್ಡಪಟ್ಟಿ ಬೆಸುಗೆ ಹಾಕಿದರೆ ಸಾಲದು. ಐವತ್ತು ಮಳೆಗಾಲ ಕಂಡ ಉಕ್ಕಿನಲ್ಲಿ ಬೆಸುಗೆಯ ಅಂಚಿನಿಂದಲೇ ಬಿರುಕು ಹುಟ್ಟಬಹುದು.

ಸ್ಟಿಯರಿಂಗಿನ ಕಥೆಯೂ ಇದೇ. ಹಳೆಯ ಜೀಪಿನ ಉದ್ದನೆಯ ಟೈ-ರಾಡ್ ಒಂದಾಗಿ ಚಲಿಸುವ ಅಚ್ಚಿಗೆಂದು ಮಾಡಿದ್ದು. ಚಕ್ರಗಳು ಬೇರೆಬೇರೆಯಾಗಿ ಏಳತೊಡಗಿದರೆ ರಾಡು ಸಾಗುವ ಬಿಲ್ಲುಗೆರೆ, ತೋಳು ಸಾಗುವ ಬಿಲ್ಲುಗೆರೆ ಎರಡೂ ಹೊಂದಬೇಕು. ಹೊಂದದಿದ್ದರೆ ಚಾಲಕ ಕೈ ಅಲುಗಿಸದೆಯೂ ಪ್ರತಿ ಉಬ್ಬಿನಲ್ಲಿ ಗಾಡಿ ತಾನಾಗಿಯೇ ಪಕ್ಕಕ್ಕೆ ಎಳೆಯುತ್ತದೆ. ಘಾಟಿಯ ತಿರುವಿನಲ್ಲಿ ಅದು ಪ್ರಾಣದ ಪ್ರಶ್ನೆ.

ದುರಸ್ತಿಯ ಮಾತೂ ಇದೆ. ಪಟ್ಟಿ ಮುರಿದರೆ ತಾಲ್ಲೂಕು ಕೇಂದ್ರದ ಸ್ಪ್ರಿಂಗ್ ಅಂಗಡಿಯಲ್ಲಿ ಇನ್ನೊಂದು ಸಿಕ್ಕೀತು. ಸಿವಿ ಜಾಯಿಂಟಿನ ರಬ್ಬರು ಗವಸು ಲಂಟಾನದ ಮುಳ್ಳಿಗೋ ಕಲ್ಲಿಗೋ ಹರಿದು ಗ್ರೀಸ್ ಹೊರಬಿದ್ದು ಕೆಸರು ಒಳಹೊಕ್ಕರೆ, ಹೊಂದುವ ಬಿಡಿಭಾಗ ಬರುವವರೆಗೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಕಾನೂನು ಇನ್ನೂ ಸ್ಪಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಚಾಸಿಗೆ ಕತ್ತರಿ ಹಾಕುವ ಮೊದಲು ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಬೇಕು.

ನಡುವಿನ ದಾರಿ

ತಯಾರಕರು ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ. 2010ರ ಥಾರ್‌ನಲ್ಲಿ ಮಹೀಂದ್ರಾ ಮುಂದೆ ಇಂಡಿಪೆಂಡೆಂಟ್ ತಂದು ಹಿಂದೆ ಲೀಫ್ ಸ್ಪ್ರಿಂಗ್ ಉಳಿಸಿತು. 2020ರ ಥಾರ್‌ನಲ್ಲಿ ಹಿಂದಕ್ಕೆ ಕಾಯಿಲ್ ಸ್ಪ್ರಿಂಗ್ ಬಂತು, ಅಚ್ಚು ಬಾಗದ್ದೇ ಉಳಿಯಿತು. 1979ರಿಂದ ಎರಡೂ ಕಡೆ ಬಾಗದ ಅಚ್ಚಿದ್ದ ಮರ್ಸಿಡಿಸ್ ಜಿ ಕ್ಲಾಸ್ 2018ರಲ್ಲಿ ಮುಂಭಾಗವನ್ನಷ್ಟೇ ಬದಲಿಸಿಕೊಂಡಿತು. ಲ್ಯಾಂಡ್ ರೋವರ್ ಡಿಫೆಂಡರ್ ಮಾತ್ರ ಪೂರ್ತಿ ಇಂಡಿಪೆಂಡೆಂಟ್ ಆಯಿತು. ಆದರೆ ಅದಕ್ಕಾಗಿ ಹಳೆಯದನ್ನು 2016ರಲ್ಲಿ ನಿಲ್ಲಿಸಿ, ಬೇರೆಯದೇ ಮೈಕಟ್ಟಿನ ಹೊಸ ಗಾಡಿಯನ್ನು 2019ರಲ್ಲಿ ಮುಂದಿಟ್ಟರು. ವಿಲ್ಲಿಸ್ ವಂಶದ ರ‍್ಯಾಂಗ್ಲರ್‌ಗೂ ನಮ್ಮಲ್ಲಿ 2023ರಲ್ಲಿ ಬಂದ ಜಿಮ್ನಿಗೂ ಹಿಂದೆ ಮುಂದೆ ಎರಡೂ ಕಡೆ ಬಾಗದ ಅಚ್ಚೇ, ಜೊತೆಗೆ ಕಾಯಿಲ್ ಸ್ಪ್ರಿಂಗ್.

ಇವುಗಳನ್ನು ನೋಡಿದ ಮೇಲೆ ನನ್ನ ಮಾತು ಇಷ್ಟು. ಜೀಪು ಇನ್ನು ಡಾಂಬರಿನ ಮೇಲೆಯೇ ಬಾಳುವುದಾದರೆ, ಲೆಕ್ಕ ಹಾಕಬಲ್ಲ ಎಂಜಿನಿಯರೂ ಸರ್ಕಾರದ ಅನುಮತಿಯೂ ಇದ್ದರೆ, ಇಂಡಿಪೆಂಡೆಂಟ್ ಸಸ್ಪೆನ್ಷನ್ ಅರ್ಥವುಳ್ಳ ಕೆಲಸ. ಅದು ಇಂದಿಗೂ ತೋಟಕ್ಕಿಳಿಯುವ, ಮೂಟೆ ಹೊರುವ ಜೀಪಾದರೆ ಅಚ್ಚನ್ನು ಉಳಿಸಿ. ಅದರ ಸುಖಕ್ಕೆ ಬೇರೆ ದಾರಿಗಳಿವೆ.

ಎಷ್ಟೋ ಜೀಪುಗಳು ಕುಲುಕುವುದು ರಚನೆಯ ದೋಷದಿಂದಲ್ಲ, ಆರೈಕೆಯಿಲ್ಲದೆ. ಲೀಫ್ ಸ್ಪ್ರಿಂಗ್ ಮೆತ್ತಗೆ ಬಾಗಬೇಕಾದರೆ ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದು ಅಂಟಿಕೊಂಡ ಎಂಟು ಪಟ್ಟಿ ಒಂದೇ ದಪ್ಪ ಹಲಗೆಯಂತೆ ವರ್ತಿಸುತ್ತವೆ. ಅದರ ಮೇಲೆ ಯಾರೋ ಎಂದೋ ಹೆಚ್ಚಿನ ಭಾರಕ್ಕೆಂದು ಸೇರಿಸಿದ ಇನ್ನೊಂದು ಪಟ್ಟಿ, ಸವೆದ ಬುಷ್, ಸತ್ತ ಶಾಕ್ ಅಬ್ಸಾರ್ಬರ್, ಅತಿಯಾಗಿ ಗಾಳಿ ತುಂಬಿದ ಟೈರು. ಇಷ್ಟನ್ನೂ ಸರಿಪಡಿಸಿ, ಪಟ್ಟಿಗಳನ್ನು ಬಿಚ್ಚಿ ಉಜ್ಜಿ ಗ್ರೀಸ್ ಹಚ್ಚಿ ಮತ್ತೆ ಜೋಡಿಸಿದ ಜೀಪಿನಲ್ಲಿ ಒಮ್ಮೆ ಕೂತು ನೋಡಬೇಕು.

ಆದ್ದರಿಂದ ಹಣ ಕಟ್ಟುವ ಮೊದಲು ಒಂದು ಭಾನುವಾರ ಟಾರ್ಚು ಹಿಡಿದು ನಿಮ್ಮ ಜೀಪಿನ ಕೆಳಗೆ ಮಲಗಿ. ಪಟ್ಟಿಗಳನ್ನು ಎಣಿಸಿ, ಬುಷ್‌ಗಳನ್ನು ಮುಟ್ಟಿ ನೋಡಿ, ಚಾಸಿಯ ತುಕ್ಕನ್ನು ಉಗುರಿನಿಂದ ಕೆರೆಯಿರಿ. ಆಮೇಲೆ ನೀವು ನಿತ್ಯ ಓಡಾಡುವ ದಾರಿಯ ಅತಿ ಕೆಟ್ಟ ಕೊರಕಲಿಗೆ ಅದನ್ನು ಮೆಲ್ಲಗೆ ಇಳಿಸಿ, ಯಾವ ಚಕ್ರ ನೆಲ ಬಿಡುತ್ತದೆಂದು ಹೊರಗೆ ನಿಂತು ನೋಡಲು ಇನ್ನೊಬ್ಬರಿಗೆ ಹೇಳಿ. ನಾಲ್ಕೂ ಚಕ್ರ ಮಣ್ಣಿನ ಮೇಲೇ ಇದ್ದರೆ, ಆ ಅಚ್ಚನ್ನು ಕೀಳಬೇಡಿ.