ಬಟ್ಟೆ ಹಿಂಡುವ ರೋಲರುಗಳ ಕಥೆ

ಬಟ್ಟೆ ಒಗೆಯೋದ್ರಲ್ಲಿ ಯಾವ ಕೆಲಸ ಕಷ್ಟ ಅಂತ ನಮ್ಮ ಕ್ಲಾಸಿನ ಹುಡುಗರನ್ನು ಕೇಳಿದರೆ ಸೋಪು ಹಚ್ಚಿ ಉಜ್ಜೋದು, ಕಲ್ಲಿಗೆ ಕುಕ್ಕೋದು ಅಂತಾರೆ. ಮನೆಗೆ ಹೋಗಿ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ನೆನೆದ ಜಮಖಾನ ಹಿಂಡೋದು ಅಂತಾರೆ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು ತಿರುಚಬೇಕು. ರಟ್ಟೆ ನೋವು ಬರುತ್ತೆ. ಅಷ್ಟಾದರೂ ಹಗ್ಗದ ಮೇಲೆ ಹಾಕಿದಾಗ ನೀರು ತೊಟ್ಟಿಕ್ಕುತ್ತಲೇ ಇರುತ್ತೆ. ಅಮೆರಿಕ, ಕೆನಡಾ ಕಡೆ ಬಹಳ ವರ್ಷ ಬಳಕೆಯಲ್ಲಿದ್ದ ಒಂದು ಯಂತ್ರ ಹುಟ್ಟಿದ್ದೇ ಈ ಕಷ್ಟಕ್ಕಾಗಿ. ಅದರ ಹೆಸರು ರಿಂಗರ್. ಬೆರಳಿಗೆ ಹಾಕುವ ರಿಂಗಿಗೂ ಇದಕ್ಕೂ ಸಂಬಂಧ ಇಲ್ಲ. ಹಿಂಡುವುದು ಎಂದು ಅರ್ಥ.

ಜಾತ್ರೆಯಲ್ಲಿ ಕಬ್ಬಿನ ಹಾಲು ತೆಗೆಯುವ ಮೆಷಿನ್ ಎಲ್ಲರೂ ನೋಡಿದ್ದೀರಿ. ರಿಂಗರ್ ಕೂಡ ಅದೇ ಜಾತಿ. ಒಂದರ ಮೇಲೊಂದು ಎರಡು ರೋಲರು. ಮೇಲಿನದನ್ನು ಸ್ಪ್ರಿಂಗು, ತಿರುಪು ಬಿಗಿಯಾಗಿ ಕೆಳಕ್ಕೆ ಒತ್ತಿರುತ್ತವೆ. ಪಕ್ಕದಲ್ಲಿ ತಿರುಗಿಸುವ ಹಿಡಿ. ಒದ್ದೆ ಬಟ್ಟೆಯ ತುದಿಯನ್ನು ನಡುವೆ ಇಟ್ಟು ಹಿಡಿ ತಿರುಗಿಸಿದರೆ ರೋಲರುಗಳೇ ಬಟ್ಟೆಯನ್ನು ಎಳೆದುಕೊಳ್ಳುತ್ತವೆ. ಬಟ್ಟೆ ಆ ಕಡೆ ಹಪ್ಪಳದ ಹಾಗೆ ಚಪ್ಪಟೆಯಾಗಿ ಬರುತ್ತದೆ. ನೀರಿಗೆ ದಾಟಲು ಜಾಗ ಇಲ್ಲದೆ ಈ ಕಡೆಯೇ ಸುರಿದು ತೊಟ್ಟಿಗೆ ಬೀಳುತ್ತದೆ. ಇದರಲ್ಲಿ ಇನ್ನೊಂದು ಲಾಭ ಇತ್ತು. ಕಾಯಿಸಿದ ಸೋಪಿನ ನೀರು ವ್ಯರ್ಥವಾಗುತ್ತಿರಲಿಲ್ಲ. ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಹೊಲದ ಕೆಲಸದ ಬಟ್ಟೆ, ಎಲ್ಲವೂ ಅದೇ ನೀರಿನಲ್ಲಿ.

ಒಗೆಯುವ ತೊಟ್ಟಿಗೆ ಹಿಂಡುವ ರೋಲರು ಸೇರಿಸಿ 1843ರಲ್ಲಿ ಕೆನಡಾದ ಜಾನ್ ಟರ್ನ್‌ಬುಲ್ ಎಂಬವರು ಪೇಟೆಂಟ್ ಪಡೆದರು. ಮೊದಮೊದಲು ಮರದ ರೋಲರು, ಆಮೇಲೆ ರಬ್ಬರಿನದು ಬಂತು. ರಬ್ಬರು ಬಂದರೂ ಅಂಗಿಯ ಗುಂಡಿಗಳಿಗೆ ಉಳಿಗಾಲ ಇರಲಿಲ್ಲ. ಗುಂಡಿ ಒಳಗೆ ಬರುವ ಹಾಗೆ ಮಡಚಿ ಕೊಡಬೇಕಿತ್ತು. ಇಲ್ಲದಿದ್ದರೆ ಪಟ್ ಅಂತ ಒಡೆದೇ ಹೋಗುತ್ತಿದ್ದವು.

ಇನ್ನು ಒಗೆಯುವ ಭಾಗ. ಅಮೆರಿಕದ ಅಯೋವಾ ರಾಜ್ಯದ ನ್ಯೂಟನ್ ಊರಿನಲ್ಲಿ ಮೇಟ್ಯಾಗ್ ಎಂಬ ಕಂಪನಿ ಇತ್ತು. 1893ರಲ್ಲಿ ಶುರುವಾದಾಗ ಅವರು ಮಾಡುತ್ತಿದ್ದುದು ಒಕ್ಕಣೆ ಯಂತ್ರದ ಸಾಮಾನು. 1907ರಲ್ಲಿ ವಾಷಿಂಗ್ ಮೆಷಿನ್ ಮಾಡಿದರು. ಆಗಿನ ಮೆಷಿನುಗಳಲ್ಲಿ ಮುಚ್ಚಳದಿಂದ ಒಂದು ಗೂಟದ ಹಲಗೆ ಇಳಿಬಿದ್ದು ಬಟ್ಟೆಯನ್ನು ನೀರಿನಲ್ಲಿ ಎಳೆದಾಡುತ್ತಿತ್ತು. 1922ರಲ್ಲಿ ಇವರು ಆ ಕಡಗೋಲನ್ನು ತೊಟ್ಟಿಯ ತಳಕ್ಕೆ ಇಳಿಸಿದರು. ಕಡಗೋಲು ಅಂತ ಸುಮ್ಮನೆ ಹೇಳಲಿಲ್ಲ. ಅಜ್ಜಿ ಹಗ್ಗ ಎಳೆದು ಮಜ್ಜಿಗೆ ಕಡೆಯುವಾಗ ಅದು ಹೇಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತೋ ಹಾಗೇ ಇದೂ ತಿರುಗುತ್ತದೆ. ಬಟ್ಟೆಯನ್ನು ಎಳೆದಾಡುವ ಬದಲು ನೀರನ್ನೇ ಬಟ್ಟೆಯೊಳಗೆ ನುಗ್ಗಿಸುತ್ತದೆ.

ಕರೆಂಟ್ ಇಲ್ಲದೆ ಇದೆಲ್ಲ ಹೇಗೆ ಅಂತ ಕೇಳಬಹುದು. ಅಮೆರಿಕ ಅಂದ ತಕ್ಷಣ ಮನೆಮನೆಗೂ ಕರೆಂಟ್ ಇತ್ತು ಅಂದುಕೊಳ್ಳುತ್ತೇವೆ. 1930ರ ದಶಕದ ಮಧ್ಯದಲ್ಲಿ ಕೂಡ ಅಲ್ಲಿನ ರೈತರ ಮನೆಗಳಲ್ಲಿ ಸುಮಾರು ಹತ್ತಕ್ಕೆ ಒಂದರಲ್ಲಿ ಮಾತ್ರ ಕರೆಂಟ್ ಇತ್ತು! ಅಂಥ ಮನೆಗಳಿಗಾಗಿ ಮೇಟ್ಯಾಗಿನವರು ತೊಟ್ಟಿಯ ಕೆಳಗೆ ಸಣ್ಣ ಪೆಟ್ರೋಲ್ ಎಂಜಿನ್ ಕೂರಿಸಿದರು. ಬೈಕಿನ ಹಾಗೆ ಕಾಲಿನಿಂದ ಒದ್ದು ಸ್ಟಾರ್ಟ್ ಮಾಡಬೇಕು. ಹೊಗೆ ಹೊರಗೆ ಹೋಗಲು ಉದ್ದನೆ ಕೊಳವೆ. ಆದರೆ ನೀರು? ನಲ್ಲಿ ಇಲ್ಲದ ಮನೆಯಲ್ಲಿ ಸೇದಿ, ಹೊತ್ತು, ಒಲೆ ಉರಿಸಿ ಕಾಯಿಸೋದು ಹೆಂಗಸರ ಪಾಲಿಗೇ ಉಳಿಯಿತು. ಜಾಹೀರಾತಿನವರು ಅದನ್ನು ಹೇಳುವುದಿಲ್ಲ ಬಿಡಿ.

ಈ ಕಥೆಯಲ್ಲಿ ಎಲೆನ್ ಎಗ್ಲಿನ್ ಹೆಸರನ್ನು ಬಿಡಬಾರದು. ವಾಷಿಂಗ್ಟನ್ ನಗರದಲ್ಲಿ ಮನೆಗೆಲಸ ಮಾಡುತ್ತಿದ್ದ ಕಪ್ಪು ಜನಾಂಗದ ಹೆಂಗಸು. ಹಿಂಡುವ ಕಷ್ಟ ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಅವರೇ ಒಂದು ರಿಂಗರ್ ಕಂಡುಹಿಡಿದರು. 1888ರಲ್ಲಿ ಅದರ ಹಕ್ಕನ್ನು ಬರೀ 18 ಡಾಲರಿಗೆ ಒಬ್ಬ ಏಜೆಂಟನಿಗೆ ಮಾರಿಬಿಟ್ಟರು. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದಾಗ, ಕಪ್ಪು ಹೆಂಗಸು ಪೇಟೆಂಟ್ ಪಡೆದದ್ದು ಎಂದು ಗೊತ್ತಾದರೆ ಬಿಳಿ ಹೆಂಗಸರು ಅದನ್ನು ಕೊಳ್ಳುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಲಾಭವೆಲ್ಲ ಬೇರೆಯವರ ಪಾಲಾಯಿತು. ಓದಿದಾಗ ನನಗೆ ಸಿಟ್ಟೇ ಬಂತು.

ಎಂಜಿನ್ನು, ಮೋಟರು ಬಂದ ಮೇಲೆ ರಿಂಗರಿನ ಗುಣವೇ ಅದರ ದೋಷವೂ ಆಯಿತು. ಕೈಯಿಂದ ತಿರುಗಿಸುವಾಗ ಬೆರಳು ಸಿಕ್ಕಿದರೆ ನಾವು ನಿಲ್ಲಿಸುತ್ತೇವೆ. ಮೋಟರಿಗೆ ಬಟ್ಟೆ ಯಾವುದು, ಕೈ ಯಾವುದು ಅಂತ ಗೊತ್ತಿಲ್ಲ. ಬೆರಳು ಸಿಕ್ಕಿದರೆ ಮೊಣಕೈ ತನಕ, ಕಂಕುಳ ತನಕ ಎಳೆದುಕೊಳ್ಳುತ್ತಿತ್ತು. ಅಲ್ಲಿ ಸಿಕ್ಕಿ ನಿಂತ ಮೇಲೂ ರೋಲರು ತಿರುಗುತ್ತಲೇ ಇದ್ದು ಚರ್ಮ ಉಜ್ಜಿ ಸುಟ್ಟ ಹಾಗಾಗುತ್ತಿತ್ತು. ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವರು ಅಮ್ಮನ ಪಕ್ಕ ನಿಂತ ಚಿಕ್ಕ ಮಕ್ಕಳು. ಹೆಂಗಸರ ಕೂದಲೂ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿನ ಡಾಕ್ಟರುಗಳು ಇದಕ್ಕೆ ರಿಂಗರ್ ಗಾಯ ಎಂದೇ ಹೆಸರಿಟ್ಟಿದ್ದರು. ಆಮೇಲೆ ಮೇಲುಗಡೆ ಒಂದು ಪಟ್ಟಿ ಇಟ್ಟರು. ಅದನ್ನು ಗುದ್ದಿದರೆ ರೋಲರುಗಳು ತಟ್ಟನೆ ಬಿಟ್ಟುಕೊಳ್ಳುತ್ತವೆ. ಆದರೆ ಗಾಬರಿಯಲ್ಲಿ ಜನ ಪಟ್ಟಿ ಮರೆತು ಕೈಯನ್ನೇ ಹಿಂದಕ್ಕೆ ಜಗ್ಗಿ ಗಾಯ ಹೆಚ್ಚು ಮಾಡಿಕೊಳ್ಳುತ್ತಿದ್ದರು. ನಮ್ಮ ಕಬ್ಬಿನ ಗಾಣ, ಮೇವು ಕತ್ತರಿಸುವ ಮೆಷಿನ್ ಹತ್ತಿರ ಜಡೆ ಕಟ್ಟಿಕೊಂಡು, ವೇಲ್ ಸೆಕ್ಕಿಕೊಂಡು ನಿಲ್ಲಿ ಅಂತ ದೊಡ್ಡವರು ಗದರುವುದೂ ಇದಕ್ಕೇ.

1937ರಲ್ಲಿ ಬೆಂಡಿಕ್ಸ್ ಕಂಪನಿ ತಾನೇ ಒಗೆದು, ಜಾಲಿಸಿ, ಜೋರಾಗಿ ಸುತ್ತಿ ನೀರು ತೆಗೆಯುವ ಮೆಷಿನ್ ತಂದಿತು. ಒದ್ದೆ ಟವೆಲ್ಲನ್ನು ಗಿರಗಿರ ಬೀಸಿದರೆ ನೀರು ಸಿಡಿಯುತ್ತಲ್ಲ, ಹಾಗೆ. ಅದು ಎಷ್ಟು ಅದುರುತ್ತಿತ್ತು ಅಂದರೆ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಿತ್ತು. ಮುಂದೆ ಇಂಥವು ಸುಧಾರಿಸಿ ರೋಲರುಗಳ ಕಾಲ ಮುಗಿಯುತ್ತಾ ಬಂತು. ಆದರೂ ಮೇಟ್ಯಾಗಿನವರು ರಿಂಗರ್ ಮಾಡುವುದನ್ನು ನಿಲ್ಲಿಸಿದ್ದು 1983ರಲ್ಲಿ. ಅಮೆರಿಕದಲ್ಲಿ ಆಮಿಶ್ ಎಂಬ ಒಂದು ಕ್ರೈಸ್ತ ಪಂಗಡ ಇದೆ. ಅವರಲ್ಲಿ ಹೆಚ್ಚಿನವರು ಮನೆಗೆ ಕರೆಂಟ್ ಲೈನ್ ಎಳೆಸಿಕೊಳ್ಳುವುದಿಲ್ಲ. ಅವರ ಎಷ್ಟೋ ಮನೆಗಳಲ್ಲಿ ಈಗಲೂ ಆ ಹಳೇ ರಿಂಗರ್ ಮೆಷಿನುಗಳು ಪೆಟ್ರೋಲ್ ಎಂಜಿನ್ನಿನಿಂದಲೋ ಗಾಳಿಯ ಒತ್ತಡದಿಂದಲೋ ಓಡುತ್ತವೆ. ಸೋಮವಾರ ಬೆಳಿಗ್ಗೆ ಒಗೆದು, ರೋಲರಿಗೆ ಕೊಟ್ಟು, ಹೊರಗೆ ಉದ್ದಕ್ಕೆ ಹಗ್ಗದ ಮೇಲೆ ಹರವುತ್ತಾರೆ.